ಪೇಟೆಯ ತೆರಿಗೆ ಪೇಟೆಗೆ ಮರಳಲಿ. ಮೊದಲು ನಾವು ದಾರಿ ಬಿಡೋಣ



ಕಳೆದ ಲಗ್ನದ ಹಂಗಾಮಿನಲ್ಲಿ ಶ್ರೀಮಠದ ಕಲ್ಯಾಣ ಮಂಟಪದ ಎದುರು ನಡೆದ ಒಂದು ಸಂಗತಿಯನ್ನು ಮೊದಲು ಹೇಳಬೇಕಾಗಿದೆ. ಅಂದು ಮುಹೂರ್ತಕ್ಕೆ ಬಂದ ಬಂಧುಗಳ ಕಾರುಗಳು ರಸ್ತೆಯ ಎರಡೂ ಬದಿಗೆ ನಿಂತಿದ್ದವು. ಅದೇ ಓಣಿಯ ಹಿರಿಯ ತಾಯಿಯೊಬ್ಬರಿಗೆ ಎದೆನೋವು ಕಾಣಿಸಿಕೊಂಡಿತು. ಕರೆಸಿದ ಆಟೋ ಮನೆಯ ಬಾಗಿಲವರೆಗೆ ಬರಲಾಗಲಿಲ್ಲ. ಮಕ್ಕಳು ಅವರನ್ನು ಕುರ್ಚಿಯ ಮೇಲೆ ಕೂಡಿಸಿ, ಕಾರುಗಳ ಸಂದಿಯಲ್ಲಿ ಹೊತ್ತು ಮುಖ್ಯರಸ್ತೆಗೆ ತಂದರು. ದೈವಕೃಪೆಯಿಂದ ತಾಯಿ ಗುಣಮುಖರಾಗಿದ್ದಾರೆ. ಮರುದಿನ ಅವರ ಮಗ ಶ್ರೀಮಠಕ್ಕೆ ಬಂದಾಗ ನಾವು ಜಗಳವನ್ನೇ ನಿರೀಕ್ಷಿಸಿದ್ದೆವು. ಅವರು, "ಅಜ್ಜಾರಿಗೆ ಹೇಳಬ್ಯಾಡ್ರಿ, ನೊಂದ್ಕೊಂತಾರ. ಮುಂದಿನ ಸಲ ಒಂದು ಹಾದಿ ಬಿಡಿಸ್ರಿ ಸಾಕು" ಎಂದಷ್ಟೇ ಹೇಳಿ ಹೋದರು. ಆ ಮಾತು ಅಂದಿನಿಂದ ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ.

ಪೇಟೆಯ ಇಕ್ಕಟ್ಟು, ವಾಹನ ನಿಲುಗಡೆ, ವ್ಯಾಪಾರಸ್ಥರು ಕಟ್ಟುವ ತೆರಿಗೆಯ ವಿನಿಯೋಗ ಇವು ಇಂದು ಬಳ್ಳಾರಿಯಲ್ಲಷ್ಟೇ ಅಲ್ಲ, ಸಿರುಗುಪ್ಪ, ಕುರುಗೋಡುಗಳಲ್ಲಿಯೂ ಭಕ್ತರ ನಿತ್ಯದ ಮಾತಾಗಿವೆ. "ಇಷ್ಟೊಂದು ತೆರಿಗೆ ಕಟ್ಟುತ್ತೇವೆ, ಅಂಗಡಿಯ ಮುಂದೆ ಒಂದು ಬೈಕು ನಿಲ್ಲಿಸಲು ಜಾಗವಿಲ್ಲ" ಎಂಬ ಮಾತನ್ನು ಶ್ರೀಮಠಕ್ಕೆ ಬರುವ ವರ್ತಕರಿಂದ ನಾವು ಕೇಳುತ್ತಲೇ ಇದ್ದೇವೆ. ಈ ದೂರಿನಲ್ಲಿ ನ್ಯಾಯವೆಷ್ಟು, ಅದಕ್ಕೆ ಪರಿಹಾರವೇನು, ಆ ಪರಿಹಾರದಲ್ಲಿ ನಮ್ಮ ಪಾಲೇನು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ಬಯಸುತ್ತೇವೆ.

ತೆರಿಗೆ ಎಲ್ಲಿಗೆ ಹೋಗುತ್ತದೆ?

ವರ್ತಕರ ದೂರಿನಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅಂಗಡಿಕಾರರು ಕಟ್ಟುವ ತೆರಿಗೆಯಲ್ಲಿ ದೊಡ್ಡದು ಸರಕು ಮತ್ತು ಸೇವಾ ತೆರಿಗೆ. 2017ರ ಜುಲೈ 1ರಿಂದ ಜಾರಿಗೆ ಬಂದ ಈ ತೆರಿಗೆಯಲ್ಲಿ, ರಾಜ್ಯದೊಳಗೆ ನಡೆದ ಮಾರಾಟದ ಮೇಲಿನ ಅರ್ಧ ರಾಜ್ಯಕ್ಕೆ, ಅರ್ಧ ಕೇಂದ್ರಕ್ಕೆ ಸೇರುತ್ತದೆ. ಇದರಲ್ಲಿ ನೇರವಾಗಿ ಮಹಾನಗರ ಪಾಲಿಕೆಗೆ ಒಂದು ರೂಪಾಯಿಯೂ ಬರುವುದಿಲ್ಲ. ವೃತ್ತಿ ತೆರಿಗೆಗೆ ಸಂವಿಧಾನವು ವರ್ಷಕ್ಕೆ 2,500 ರೂಪಾಯಿಗಳ ಮಿತಿ ಹಾಕಿದೆ. ತಮಿಳುನಾಡು, ಕೇರಳಗಳಲ್ಲಿ ಅದನ್ನು ಸ್ಥಳೀಯ ಸಂಸ್ಥೆಗಳೇ ವಸೂಲಿ ಮಾಡುತ್ತವೆ. ನಮ್ಮಲ್ಲಿ ಅದು ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ವಾಹನ ತೆರಿಗೆಯೂ ರಾಜ್ಯದ್ದೇ.

ಊರ ಬಾಗಿಲಲ್ಲಿ ಬಂಡಿ ನಿಲ್ಲಿಸಿ ಆಕ್ಟ್ರಾಯ್ ಕಟ್ಟಿಸಿಕೊಳ್ಳುತ್ತಿದ್ದ ನಾಕಾಗಳನ್ನು ಹಿರಿಯರು ಬಲ್ಲರು. ಅದು ಪುರಸಭೆಗಳ ಸ್ವಂತ ಆದಾಯವಾಗಿತ್ತು. ಲಂಚ, ವಿಳಂಬ, ಕಿರುಕುಳಗಳ ಕಾರಣದಿಂದ 1979ರಲ್ಲಿ ಕರ್ನಾಟಕವು ಅದನ್ನು ರದ್ದುಪಡಿಸಿ, ಪ್ರವೇಶ ತೆರಿಗೆಯನ್ನು ತಂದಿತು. ಅದನ್ನು ತೆಗೆದದ್ದು ಒಳ್ಳೆಯದೇ ಆಯಿತು. ಆದರೆ ಅಂದಿನಿಂದ ಪೇಟೆಯ ವ್ಯಾಪಾರ ಬೆಳೆದಂತೆ ಊರಿನ ಆದಾಯ ಬೆಳೆಯುವ ನೇರ ಸಂಬಂಧ ಕಡಿದುಹೋಯಿತು. ಈಗ ನಗರಾಡಳಿತಗಳು ಅನುದಾನಕ್ಕಾಗಿ ಬೆಂಗಳೂರಿನ ಕಡೆಗೂ ದೆಹಲಿಯ ಕಡೆಗೂ ಮುಖ ಮಾಡಿ ನಿಂತಿವೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರಗಳಿಗೆ 18 ವಿಷಯಗಳ ಹೊಣೆಯನ್ನು ಸೂಚಿಸಿತು. ಅಷ್ಟಕ್ಕೆ ತಕ್ಕ ಹಣದ ದಾರಿಯನ್ನು ತೋರಿಸಲಿಲ್ಲ.

ಹಾಗಾದರೆ ಪಾಲಿಕೆಯ ಕೈಯಲ್ಲಿ ಉಳಿದಿರುವುದೇನು? ಆಸ್ತಿ ತೆರಿಗೆ, ಉದ್ದಿಮೆ ಪರವಾನಗಿ ಶುಲ್ಕ, ಜಾಹೀರಾತು ಶುಲ್ಕ, ಸ್ವಂತ ಮಳಿಗೆಗಳ ಬಾಡಿಗೆ, ನೀರಿನ ಕರ, ನಿಲುಗಡೆ ಶುಲ್ಕ. ಆಸ್ತಿ ತೆರಿಗೆಯಲ್ಲಿ ವಾಣಿಜ್ಯ ಕಟ್ಟಡಗಳಿಗೆ ಮನೆಗಳಿಗಿಂತ ಹೆಚ್ಚಿನ ದರವಿದೆ. ಆದ್ದರಿಂದ ಪೇಟೆಯ ತೆರಿಗೆಯಿಂದ ಪೇಟೆಯನ್ನು ಸುಧಾರಿಸಬೇಕು ಎಂದಾಗ, ನಾವು ಕೇಳಬಹುದಾದದ್ದು ಈ ವಾಣಿಜ್ಯ ಆಸ್ತಿ ತೆರಿಗೆ ಮತ್ತು ನಿಲುಗಡೆ ಶುಲ್ಕಗಳನ್ನೇ ಹೊರತು, ವರ್ತಕರು ಮನಸ್ಸಿನಲ್ಲಿ ಲೆಕ್ಕ ಹಾಕುವ ಜಿಎಸ್‌ಟಿಯನ್ನಲ್ಲ.

ಅನುದಾನದ ದಾರಿ ನಮಗೆ ಎಷ್ಟು ದೂರವೆಂಬುದಕ್ಕೆ ಒಂದೇ ನಿದರ್ಶನ ಸಾಕು. 2015ರಲ್ಲಿ ಆರಂಭವಾಗಿ 2025ರ ಮಾರ್ಚ್‌ಗೆ ಮುಗಿದ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಕರ್ನಾಟಕದ ಏಳು ನಗರಗಳಿದ್ದವು: ಬೆಂಗಳೂರು, ಮಂಗಳೂರು, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಶಿವಮೊಗ್ಗ, ತುಮಕೂರು. ಕಲ್ಯಾಣ ಕರ್ನಾಟಕದ ಒಂದು ನಗರವೂ ಇರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಗಣಿಯ ಹಣವಿದೆ ಎನ್ನುವವರುಂಟು. 2015ರ ಕಾನೂನಿನಂತೆ ರಚನೆಯಾದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯು ಗಣಿಬಾಧಿತ ಪ್ರದೇಶ ಮತ್ತು ಜನರ ಹಿತಕ್ಕೆ ಮೀಸಲು. ಧೂಳು ಕುಡಿದ ಹಳ್ಳಿಯ ಮಕ್ಕಳ ಪಾಲನ್ನು ಪೇಟೆಯ ಕಾರು ನಿಲ್ಲಿಸಲು ಕೇಳುವುದು ನಮಗೆ ಶೋಭೆಯಲ್ಲ.

ಹೊರನಾಡಿನ ಎರಡು ಪಾಠಗಳು

ಪೇಟೆಯ ತೆರಿಗೆಯನ್ನು ಪೇಟೆಗೇ ತೊಡಗಿಸುವ ಪ್ರಯೋಗ ಹೊಸದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1952ರಿಂದ ಒಂದು ವಿಧಾನವನ್ನು ಅನುಸರಿಸಿತು. ಹಳೆಯ ಪೇಟೆಯೊಂದನ್ನು ಪುನರಭಿವೃದ್ಧಿಗೆ ಗುರುತಿಸಿದ ವರ್ಷದಲ್ಲಿ ಅಲ್ಲಿಂದ ಬರುವ ಆಸ್ತಿ ತೆರಿಗೆಯನ್ನು ಮೂಲ ಮೊತ್ತವೆಂದು ಭಾವಿಸುವುದು. ಮುಂದೆ ತೆರಿಗೆ ಏರಿದಂತೆಲ್ಲ ಆ ಏರಿಕೆಯ ಭಾಗವನ್ನು ಅದೇ ಪೇಟೆಯ ರಸ್ತೆ, ನಿಲುಗಡೆ, ಕಟ್ಟಡಗಳಿಗೆ ಬಳಸುವುದು. ಬಹುತೇಕ ಆ ಏರಿಕೆಯನ್ನೇ ನಂಬಿ ಮುಂಗಡವಾಗಿ ಸಾಲ ಎತ್ತುತ್ತಿದ್ದರು.

ಕೇಳಲು ಸೊಗಸಾದ ಈ ಏರ್ಪಾಡು ಕಾಲಕ್ರಮದಲ್ಲಿ ಹಿಗ್ಗಿತು. ರಾಜ್ಯದ ಒಟ್ಟು ಆಸ್ತಿ ತೆರಿಗೆಯಲ್ಲಿ ಸುಮಾರು ಶೇ. 12ರಷ್ಟು ಇಂತಹ ಸಂಸ್ಥೆಗಳಿಗೆ ಹೋಗತೊಡಗಿತು. ಶಾಲೆಗಳಿಗೂ ಇತರ ಸೇವೆಗಳಿಗೂ ಸೇರಬೇಕಾದ ಹಣ ಪೇಟೆಯಲ್ಲಿ ಉಳಿಯಿತು. ಕೊನೆಗೆ ಆ ರಾಜ್ಯವೇ ಕಾನೂನು ಮಾಡಿ, 2012ರ ಫೆಬ್ರವರಿ 1ರಂದು ಸುಮಾರು 400 ಸಂಸ್ಥೆಗಳನ್ನು ವಿಸರ್ಜಿಸಿತು.

ಅದೇ ರಾಜ್ಯದ ಪಸಡೀನಾ ಎಂಬ ಊರು ಬೇರೊಂದು ಪಾಠ ಹೇಳುತ್ತದೆ. ಅಲ್ಲಿಯ ಹಳೆಯ ಪೇಟೆ ಹಾಳುಬಿದ್ದಿತ್ತು. ರಸ್ತೆಬದಿಯ ನಿಲುಗಡೆಗೆ ಶುಲ್ಕ ಹಾಕಲು ಹೊರಟಾಗ ಗಿರಾಕಿಗಳು ಬರುವುದಿಲ್ಲವೆಂದು ವರ್ತಕರು ವಿರೋಧಿಸಿದರು. ಆಗ ನಗರಾಡಳಿತವು, ಆ ಶುಲ್ಕದ ಹಣವನ್ನು ಅದೇ ಪೇಟೆಯ ಕಾಲುದಾರಿ, ದೀಪ, ಮರ, ಸ್ವಚ್ಛತೆಗಳಿಗೇ ಬಳಸುವುದಾಗಿ ಮಾತುಕೊಟ್ಟಿತು. 1993ರಲ್ಲಿ ಮೀಟರುಗಳು ಬಂದವು. ಮಾತಿನಂತೆ ನಡೆದುಕೊಂಡಿದ್ದರಿಂದ ಪೇಟೆ ಮತ್ತೆ ಚಿಗುರಿತು. ಇದನ್ನು ಅಧ್ಯಯನ ಮಾಡಿದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಅವರು, ಪುಕ್ಕಟೆ ನಿಲುಗಡೆ ವಾಸ್ತವದಲ್ಲಿ ಪುಕ್ಕಟೆಯಲ್ಲ, ಅದರ ಬೆಲೆಯನ್ನು ನಡೆದು ಹೋಗುವವನೂ ತೆರುತ್ತಾನೆ ಎಂದು ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು.

ಎರಡು ಪಾಠಗಳ ಸಾರ ಇಷ್ಟೇ. ಕೈಗೆ ಬಂದ ಹಣವನ್ನು ಕಣ್ಣಿಗೆ ಕಾಣುವಂತೆ ಅಲ್ಲಿಯೇ ವ್ಯಯಿಸಿದರೆ ಜನ ನಂಬುತ್ತಾರೆ. ಇನ್ನೂ ಬಾರದ ಹಣವನ್ನು ನಂಬಿ ಸಾಲ ಮಾಡಿದರೆ, ಊರಿನ ಉಳಿದ ಭಾಗ ಬಡವಾಗುತ್ತದೆ.

ನಮ್ಮ ಪೇಟೆಗಳ ಆದಾಯದ ಏರಿಳಿತವನ್ನು ಬಲ್ಲವರಿಗೆ ಎರಡನೆಯ ಮಾತು ಬೇಗ ಅರ್ಥವಾಗುತ್ತದೆ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ಬೆಂಗಳೂರು ರಸ್ತೆಯ ಅಂಗಡಿಗಳಲ್ಲಿ ವ್ಯಾಪಾರ ಹೇಗೆ ಕುಗ್ಗಿತೆಂಬುದು ವರ್ತಕರಿಗೆ ನೆನಪಿದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಸಿರುಗುಪ್ಪದ ಭತ್ತದ ರೈತರಷ್ಟೇ ಆತಂಕವನ್ನು ಬಳ್ಳಾರಿಯ ಬಟ್ಟೆ ಅಂಗಡಿಯವರೂ ಅನುಭವಿಸಿದರು. ಗದ್ದೆಯಲ್ಲಿ ನೀರಿದ್ದರೆ ಪೇಟೆಯಲ್ಲಿ ಗಿರಾಕಿ. ಇಂತಹ ಊರಿನಲ್ಲಿ ನಾಳಿನ ಏರಿಕೆಯನ್ನು ಇಂದೇ ಅಡವಿಡುವುದು ವಿವೇಕವಲ್ಲ.

ಮೂರು ಊರುಗಳು, ಮೂರು ಅಗತ್ಯಗಳು

ಬಳ್ಳಾರಿಯ ಸಮಸ್ಯೆ ಹಳೆಯ ಪೇಟೆಯದು. ಬ್ರೂಸ್‌ಪೇಟೆ, ಕೌಲ್ ಬಜಾರ್, ತೇರು ಬೀದಿಗಳು ಎತ್ತಿನ ಬಂಡಿ ಮತ್ತು ತೇರಿನ ಅಳತೆಗೆ ರೂಪುಗೊಂಡವು. 2011ರ ಜನಗಣತಿಯಲ್ಲಿಯೇ ನಗರದ ಜನಸಂಖ್ಯೆ 4 ಲಕ್ಷ ದಾಟಿತ್ತು. ಗಡಗಿ ಚನ್ನಪ್ಪ ವೃತ್ತದಿಂದ ಪೇಟೆಯೊಳಗೆ ಹಬ್ಬದ ದಿನಗಳಲ್ಲಿ ಕಾಲಿಡುವುದೇ ಕಷ್ಟ. ಇಲ್ಲಿ ಬೇಕಾದುದು ಗುರುತು ಹಾಕಿದ ನಿಲುಗಡೆ, ತೆರವಾದ ಕಾಲುದಾರಿ, ಮಹಿಳೆಯರಿಗೆ ಶುಚಿಯಾದ ಶೌಚಾಲಯ, ಸರಕಿನ ವಾಹನಗಳಿಗೆ ನಿಗದಿತ ಹೊತ್ತು.

ಸಿರುಗುಪ್ಪದ ಸಮಸ್ಯೆ ಭಾರಿ ವಾಹನಗಳದು. ಜೇವರ್ಗಿಯಿಂದ ಚಾಮರಾಜನಗರದತ್ತ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಈ ಊರಿನಲ್ಲಿ, ಸುಗ್ಗಿಯ ಕಾಲಕ್ಕೆ ಭತ್ತದ ಟ್ರ್ಯಾಕ್ಟರುಗಳೂ ಅಕ್ಕಿಗಿರಣಿಗಳ ಲಾರಿಗಳೂ ಪೇಟೆಗೆ ಬಂದ ರೈತರ ಬೈಕುಗಳೂ ಒಂದೇ ರಸ್ತೆಗಾಗಿ ಹೋರಾಡುತ್ತವೆ. ಇಲ್ಲಿ ಕಾರಿನ ಮಹಡಿಗಿಂತ ಊರ ಹೊರಗೆ ಲಾರಿ ನಿಲ್ಲುವ ಬಯಲು, ಚಾಲಕರಿಗೆ ನೀರು, ನೆರಳು ಮುಖ್ಯ.

ಕುರುಗೋಡು ತಾಲ್ಲೂಕು ಕೇಂದ್ರವಾಗಿ ಹೆಚ್ಚು ವರ್ಷಗಳಾಗಿಲ್ಲ. ದೊಡ್ಡಬಸವೇಶ್ವರನ ಜಾತ್ರೆಯ ದಿನಗಳನ್ನು ಬಿಟ್ಟರೆ ವಾಹನದ ಒತ್ತಡ ಇನ್ನೂ ಕೈಮೀರಿಲ್ಲ. ಆದ್ದರಿಂದ ಇಲ್ಲಿಯ ಕೆಲಸ ಅತ್ಯಂತ ಅಗ್ಗದ್ದು: ಮುಂದೆ ಬರಲಿರುವ ಕಚೇರಿ, ಅಂಗಡಿಗಳಿಗೆ ಅನುಮತಿ ಕೊಡುವಾಗಲೇ ನಿಲುಗಡೆಯ ಜಾಗವನ್ನು ಬಿಡಿಸಿಕೊಳ್ಳುವುದು. ಬಳ್ಳಾರಿಯಲ್ಲಿ ಕೋಟಿಗಳನ್ನು ಸುರಿದು ಮಾಡಬೇಕಾದುದನ್ನು ಕುರುಗೋಡಿನಲ್ಲಿ ಇಂದು ಒಂದು ನಕ್ಷೆಯಿಂದ ಮಾಡಬಹುದು.

ಕಟ್ಟಡ ಮೊದಲೋ, ಶಿಸ್ತು ಮೊದಲೋ?

ನಿಲುಗಡೆ ಎಂದೊಡನೆ ಎಲ್ಲರೂ ಬಹುಮಹಡಿ ಕಟ್ಟಡವನ್ನು ನೆನೆಯುತ್ತಾರೆ. ಒಂದು ಕಾರು ನಿಲ್ಲಲು ಹನ್ನೆರಡು-ಹದಿಮೂರು ಚದರ ಮೀಟರ್ ಸಾಕು; ಆದರೆ ಒಳಗೆ ಬರುವ, ತಿರುಗುವ, ಮೇಲೇರುವ ದಾರಿ ಸೇರಿದರೆ ಬಯಲಿನಲ್ಲಿ 23, ನೆಲಮಾಳಿಗೆಯಲ್ಲಿ 32 ಚದರ ಮೀಟರ್ ಬೇಕೆಂದು ನಗರ ಯೋಜಕರು ಲೆಕ್ಕ ಹಾಕುತ್ತಾರೆ. ಒಂದು ಸಣ್ಣ ಮನೆಯ ಕೋಣೆಗಳೆರಡರಷ್ಟು ಜಾಗ ಒಂದು ಕಾರಿಗೆ ಬೇಕಾಗುತ್ತದೆ.

ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿ 500ಕ್ಕೂ ಹೆಚ್ಚು ಕಾರುಗಳಿಗೆ ಬಹುಮಹಡಿ ನಿಲುಗಡೆ ನಿರ್ಮಾಣವಾಯಿತು. ಗುತ್ತಿಗೆದಾರರು ಸಿಗದೆ ಬಹುಕಾಲ ಬೀಗ ಬಿದ್ದಿದ್ದು, 2024ರಲ್ಲಿ ತೆರೆಯಿತು. ತೆರೆದ ಮೇಲೂ ಆರಂಭದಲ್ಲಿ ವಾಹನಗಳು ವಿರಳವಾಗಿದ್ದವು. ಹತ್ತಿರದ ರಸ್ತೆಯಲ್ಲಿ ಪುಕ್ಕಟೆಯಾಗಿ ನಿಲ್ಲಿಸಲು ಸಾಧ್ಯವಿರುವಾಗ, ಹಣ ಕೊಟ್ಟು ಮಹಡಿ ಏರುವವರು ಯಾರು? ರಸ್ತೆಯ ಶಿಸ್ತು ಬಾರದೆ ಕಟ್ಟಡ ಕಟ್ಟಿದರೆ ಅದು ಗುತ್ತಿಗೆದಾರರಿಗಷ್ಟೇ ಉಪಕಾರ.

ಇನ್ನೊಂದು ಸತ್ಯವನ್ನು ವರ್ತಕ ಭಕ್ತರು ಬೇಸರಿಸದೆ ಕೇಳಬೇಕು. ಬೆಳಿಗ್ಗೆ ಬಾಗಿಲು ತೆರೆದಾಗ ಅಂಗಡಿಯ ಮುಂದೆ ಮೊದಲು ನಿಲ್ಲುವ ವಾಹನ ಗಿರಾಕಿಯದಲ್ಲ. ಮಾಲೀಕರದು, ಆಮೇಲೆ ಕೆಲಸಗಾರರದು. ಅವು ರಾತ್ರಿ ಬಾಗಿಲು ಹಾಕುವವರೆಗೆ ಕದಲುವುದಿಲ್ಲ. ಅರ್ಧ ಗಂಟೆಗೊಬ್ಬರಂತೆ ಇಪ್ಪತ್ತು ಗಿರಾಕಿಗಳು ಬಳಸಬಹುದಾಗಿದ್ದ ಜಾಗವನ್ನು ಒಂದೇ ಕಾರು ನುಂಗುತ್ತದೆ. ನಕ್ಷೆಯಲ್ಲಿ ನಿಲುಗಡೆ ಎಂದು ತೋರಿಸಿದ ನೆಲಮಾಳಿಗೆಗಳು ಗೋದಾಮುಗಳಾಗಿವೆ. ಗಿರಾಕಿಗೆ ಜಾಗವಿಲ್ಲವೆಂದು ದೂರುವ ಮೊದಲು ಆ ಜಾಗ ಎಲ್ಲಿ ಹೋಯಿತೆಂದು ನಾವೇ ನೋಡಿಕೊಳ್ಳಬೇಕಾಗಿದೆ.

ಪೇಟೆಗೊಂದು ಖಾತೆ

ನಮ್ಮ ಸಲಹೆ ಸರಳವಾದುದು. ಬಳ್ಳಾರಿ ಮಹಾನಗರ ಪಾಲಿಕೆಯೂ ಸಿರುಗುಪ್ಪ ನಗರಸಭೆಯೂ ಕುರುಗೋಡು ಪುರಸಭೆಯೂ ತಮ್ಮ ಆಯವ್ಯಯದಲ್ಲಿ ಪೇಟೆಗಾಗಿ ಒಂದು ಪ್ರತ್ಯೇಕ ಖಾತೆಯನ್ನು ತೆರೆಯಲಿ. ಪೇಟೆಯ ನಿಲುಗಡೆ ಶುಲ್ಕ ಪೂರ್ತಿಯಾಗಿಯೂ ಪೇಟೆಯ ವಾಣಿಜ್ಯ ಆಸ್ತಿ ತೆರಿಗೆಯ ವಾರ್ಷಿಕ ಏರಿಕೆಯಲ್ಲಿ ಅರ್ಧವೂ ಅದಕ್ಕೆ ಸೇರಲಿ. ಉದಾಹರಣೆಗೆ ಒಂದು ಪೇಟೆಯಿಂದ ಈ ವರ್ಷ 1 ಕೋಟಿ ರೂಪಾಯಿ ಬಂದಿದ್ದು, ಮುಂದಿನ ವರ್ಷ 1 ಕೋಟಿ 20 ಲಕ್ಷ ಬಂದರೆ, ಏರಿಕೆಯ 20 ಲಕ್ಷದಲ್ಲಿ 10 ಲಕ್ಷ ಪೇಟೆಗೆ, 10 ಲಕ್ಷ ಊರಿನ ಸಾಮಾನ್ಯ ನಿಧಿಗೆ. ಮೂಲದ 1 ಕೋಟಿ ಎಂದಿನಂತೆ ಎಲ್ಲ ವಾರ್ಡುಗಳದು. ತೆರಿಗೆ ತಪ್ಪಿಸುತ್ತಿದ್ದ ಅಂಗಡಿಗಳು ಲೆಕ್ಕಕ್ಕೆ ಬಂದರೆ ಏರಿಕೆ ತಾನಾಗಿ ಕಾಣುತ್ತದೆ. ಆಗ ಪಕ್ಕದ ಅಂಗಡಿಯವರು ತೆರಿಗೆ ಕಟ್ಟಿದ್ದಾರೆಯೇ ಎಂದು ಕೇಳುವ ಆಸಕ್ತಿ ಪೇಟೆಗೇ ಹುಟ್ಟುತ್ತದೆ.

ಇದಕ್ಕೆ ಮೂರು ನಿಬಂಧನೆಗಳಿರಬೇಕು. ಮೊದಲನೆಯದು, ಬಡವರ ಪಾಲನ್ನು ಮುಟ್ಟಬಾರದು. ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಮೀಸಲಿಡುವ ನಿಯಮವಿದೆ. ಅದನ್ನು ತೆಗೆದಿಟ್ಟ ಮೇಲೆಯೇ ಉಳಿದ ಮಾತು. ಎರಡನೆಯದು, ಬೀದಿ ವ್ಯಾಪಾರಿಗಳನ್ನು ಕಸದಂತೆ ಗುಡಿಸಬಾರದು. 2014ರ ಕಾಯ್ದೆಯು ಅವರಿಗೆ ಹಕ್ಕನ್ನು ಕೊಟ್ಟಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಅವರೇ ಆಗಿರಬೇಕು. ಹೂವು ಮಾರುವ ತಾಯಿಯನ್ನು ಎಬ್ಬಿಸಿ ಆ ಜಾಗದಲ್ಲಿ ಕಾರು ನಿಲ್ಲಿಸುವುದು ಪೇಟೆಯ ಸುಧಾರಣೆಯಾಗಲಾರದು. ಮೂರನೆಯದು, ಬಂದ ಹಣ, ಖರ್ಚಾದ ಹಣಗಳ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಪೇಟೆಯಲ್ಲಿಯೇ ಫಲಕದ ಮೇಲೆ ಬರೆಯಬೇಕು.

ಈ ಮೂರನೆಯ ನಿಬಂಧನೆ ಏಕೆಂದರೆ, ಮೀಸಲು ಹಣದ ಗತಿಯನ್ನು ನಾವು ನೋಡಿದ್ದೇವೆ. ಆಸ್ತಿ ತೆರಿಗೆಯ ರಸೀದಿಯಲ್ಲಿ ಶೇ. 6ರಷ್ಟು ಗ್ರಂಥಾಲಯ ಉಪಕರವನ್ನು ನಾವೆಲ್ಲರೂ ಕಟ್ಟುತ್ತೇವೆ. ಅದು ಸಕಾಲಕ್ಕೆ ಗ್ರಂಥಾಲಯ ಇಲಾಖೆಗೆ ತಲುಪುವುದಿಲ್ಲವೆಂಬ ದೂರು ರಾಜ್ಯದಲ್ಲೆಡೆ ಹಳೆಯದು. ಹೆಸರಿಟ್ಟು ಸಂಗ್ರಹಿಸಿದ ಮಾತ್ರಕ್ಕೆ ಹಣ ಹೆಸರಿನ ಕಡೆಗೆ ಹೋಗುವುದಿಲ್ಲ. ಲೆಕ್ಕ ಕೇಳುವವರಿದ್ದರೆ ಮಾತ್ರ ಹೋಗುತ್ತದೆ.

ಲೆಕ್ಕ ನಮ್ಮಿಂದಲೇ

ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದರೆಂಬುದನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಭಂಡಾರದ ಹಣ ದಾಸೋಹಕ್ಕೆ ಹೋಗುತ್ತಿದೆಯೆಂದು ದೂರು ಬಂದಾಗ, ಲೆಕ್ಕ ನೋಡಲಾಗಿ ಒಂದು ಹೊನ್ನೂ ಕಡಿಮೆ ಇರಲಿಲ್ಲವೆಂದು ಪರಂಪರೆ ಹೇಳುತ್ತದೆ. ಭಕ್ತಿಗೂ ಬೊಕ್ಕಸಕ್ಕೂ ನಡುವೆ ಗೆರೆಯೆಳೆದು ಬದುಕಿದವರ ವಾರಸುದಾರರು ನಾವು. ಕಾಯಕದಿಂದ ಗಳಿಸಿದ್ದರಲ್ಲಿ ಸಮಾಜದ ಪಾಲನ್ನು ಕೊಡುವುದು ದಾಸೋಹವಾದರೆ, ಊರಿಗೆ ಸಲ್ಲಬೇಕಾದ ತೆರಿಗೆಯನ್ನು ಮುಚ್ಚಿಟ್ಟು ಜಾತ್ರೆಗೆ ದೇಣಿಗೆ ಕೊಡುವುದು ಏನೆನಿಸುತ್ತದೆ? ಈ ಪ್ರಶ್ನೆಯನ್ನು ದಾನಿಗಳಿಗೆ ಕೇಳಲು ನಮಗೆ ಸಂಕೋಚವಿದೆ, ಆದರೂ ಕೇಳಲೇಬೇಕಾಗಿದೆ.

ದಾನಿಗಳಿಗೂ ಮೊದಲು ಮಠಗಳನ್ನು ಕೇಳಬೇಕು. ಪೂಜಾಸ್ಥಳಕ್ಕೆ ಕಾನೂನು ವಿನಾಯಿತಿ ಕೊಟ್ಟಿದೆ. ಬಾಡಿಗೆ ತರುವ ಮಳಿಗೆಗಳಿಗೆ ಆ ವಿನಾಯಿತಿ ಸಲ್ಲುವುದಿಲ್ಲ. ಗರ್ಭಗುಡಿಯ ಪಾವಿತ್ರ್ಯವನ್ನು ಬೀದಿಬದಿಯ ಮಳಿಗೆಯ ಬಾಡಿಗೆಯವರೆಗೆ ಎಳೆಯುವುದು ಸರಿಯಲ್ಲ. ಆದ್ದರಿಂದ ಶ್ರೀಮಠದ ಆಡಳಿತ ಮಂಡಳಿಯ ಮುಂದೆ ಮೂರು ಸಂಗತಿಗಳನ್ನು ಇಟ್ಟಿದ್ದೇವೆ. ನಮ್ಮ ಎಲ್ಲ ಮಳಿಗೆಗಳ ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳಲ್ಲಿಯೇ, ಶೇ. 5ರ ರಿಯಾಯಿತಿ ಇರುವಾಗಲೇ ಕಟ್ಟಿ, ರಸೀದಿಯನ್ನು ಶ್ರೀಮಠದ ಫಲಕದ ಮೇಲೆ ಅಂಟಿಸುವುದು. ಕಲ್ಯಾಣ ಮಂಟಪದ ಹಿಂದಿನ ಆವರಣವನ್ನು ತೆರವುಗೊಳಿಸಿ ಮದುವೆಯ ವಾಹನಗಳಿಗೆ ಬಿಡುವುದು. ಮುಹೂರ್ತದ ದಿನ ರಸ್ತೆಯ ಒಂದು ಬದಿಯನ್ನು ಪೂರ್ತಿಯಾಗಿ ತೆರೆದಿಡಲು ಇಬ್ಬರನ್ನು ನೇಮಿಸಿ, ಅದನ್ನು ಮಂಟಪದ ಕರಾರಿನಲ್ಲಿಯೇ ಸೇರಿಸುವುದು.

ಮಂಡಳಿಯಲ್ಲಿ ಎಲ್ಲರೂ ಒಪ್ಪಿಲ್ಲ. ಹಿಂದಿನ ಆವರಣದಲ್ಲಿರುವ ಶೆಡ್ಡುಗಳ ಬಾಡಿಗೆ ದಾಸೋಹಕ್ಕೆ ನೆರವಾಗುತ್ತದೆಂಬುದು ಕೆಲವು ಹಿರಿಯರ ಮಾತು. ಅದರಲ್ಲಿ ಹುರುಳಿದೆ, ಅನ್ನ ಸಣ್ಣ ಮಾತಲ್ಲ. ಆದರೆ ನೆರೆಮನೆಯ ತಾಯಿಯನ್ನು ಕುರ್ಚಿಯಲ್ಲಿ ಹೊತ್ತೊಯ್ಯುವಂತೆ ಮಾಡಿ ಬಡಿಸಿದ ಅನ್ನ ನಮಗೆ ದಕ್ಕುವುದೇ ಎಂದು ಸಭೆಯಲ್ಲಿ ಕೇಳಿದೆವು. ಯಾರೂ ಉತ್ತರಿಸಲಿಲ್ಲ. ಮುಂದಿನ ಸಭೆಗೆ ವಿಷಯವನ್ನು ಉಳಿಸಿಕೊಳ್ಳಲಾಗಿದೆ. ತೀರ್ಮಾನವೇನಾದರೂ ಅದನ್ನು ಇಲ್ಲಿಯೇ ಭಕ್ತರಿಗೆ ತಿಳಿಸುತ್ತೇವೆ.

ಪಾಲಿಕೆಯನ್ನು ಕೇಳುವ ಹಕ್ಕು ನಮಗಿದೆ, ಕೇಳೋಣ. ನಮ್ಮ ತೆರಿಗೆ ನಮ್ಮ ಪೇಟೆಯ ಕಾಲುದಾರಿಯಾಗಿ, ದೀಪವಾಗಿ ಮರಳಲಿ ಎಂದು ಒತ್ತಾಯಿಸೋಣ. ಕೈಯಲ್ಲಿ ತೆರಿಗೆ ಕಟ್ಟಿದ ರಸೀದಿ ಇದ್ದು, ಅಂಗಡಿಯ ಮುಂದಿನ ಜಾಗ ಗಿರಾಕಿಗಾಗಿ ತೆರೆದಿದ್ದರೆ ಆ ಒತ್ತಾಯಕ್ಕೆ ಬಲ ಬರುತ್ತದೆ. ಈ ವಾರ ಪ್ರತಿಯೊಬ್ಬ ವರ್ತಕ ಭಕ್ತರೂ ತಮ್ಮ ಸ್ವಂತ ವಾಹನವನ್ನು ಅಂಗಡಿಯ ಮುಂದಿನಿಂದ ತೆಗೆದು ದೂರ ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆದು ಬರಲಿ ಎಂದು ಪ್ರಾರ್ಥಿಸುತ್ತೇವೆ. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಕಾರ್ಯದರ್ಶಿ, ಶ್ರೀಮಠ